ಏಳು ಫೋಲ್ಡರುಗಳ ಗೃಹಪ್ರವೇಶ

ಸ್ನೇಹಿತರೇ, ಇವತ್ತು ಒಬ್ಬರ ಲ್ಯಾಪ್‌ಟಾಪಿನಲ್ಲಿ ಜಾಗ ಮಾಡಿಕೊಡಲು ಹೋಗಿ ಅವರ ನೆಂಟರಿಷ್ಟರ ನಡುವೆ ಸಿಕ್ಕಿಕೊಂಡೆ.

ಹೊಸಹಳ್ಳಿಯ ನಮ್ಮ ಮಹಡಿ ಮನೆಯ ಸರೋಜಮ್ಮ ಆಂಟಿ ಆನ್‌ಲೈನಿನಲ್ಲಿ ದೇವರನಾಮ ಹೇಳಿಕೊಡುತ್ತಾರೆ. ಲ್ಯಾಪ್‌ಟಾಪ್ ತುಂಬಿಹೋಗಿ ನಿನ್ನೆಯ ಪಾಠ ಅರ್ಧಕ್ಕೇ ರೆಕಾರ್ಡ್ ಆಗಿ ನಿಂತಿತ್ತು. ತೆರೆದು ನೋಡಿದರೆ, ಮಗಳ ಬ್ಯಾಡರಹಳ್ಳಿ ಮನೆಯ ಗೃಹಪ್ರವೇಶದ ವಿಡಿಯೊ ಏಳು ಫೋಲ್ಡರುಗಳಲ್ಲಿ ಏಳು ಸಲ ಇದೆ! ಒಂದೊಂದು ಫೋಲ್ಡರಿಗೂ ಒಬ್ಬೊಬ್ಬ ನೆಂಟರ ಹೆಸರು.

"ಆಂಟಿ, ಎಲ್ಲಾ ಒಂದೇ ವಿಡಿಯೊ. ಒಂದು ಇಟ್ಕೊಂಡು ಮಿಕ್ಕಿದ್ದು ತೆಗೆದುಬಿಡೋಣ."

"ಅಯ್ಯೋ, ಯಾರದ್ದು ಅಂತ ತೆಗೀತೀಯಪ್ಪ? ನಮ್ಮ ನಾದಿನಿ ಆವತ್ತಿನ ಸೀರೆ ವಿಷಯಕ್ಕೇ ಇನ್ನೂ ಮುಖ ಊದಿಸ್ಕೊಂಡಿದಾಳೆ."

"ಅವರಿಗೆ ಹೇಗೆ ಗೊತ್ತಾಗುತ್ತೆ?"

"ಬಂದಾಗೆಲ್ಲ ತನ್ನ ಹೆಸರಿನ ಫೋಲ್ಡರನ್ನೇ ತೆರೆಸಿ ನೋಡ್ತಾಳೆ ಕಣೋ!"

ಏಳನ್ನೂ ತೆರೆದು, ಒಂದೇ ಎಂದು ತೋರಿಸಿ ಆಂಟಿಯನ್ನು ಒಪ್ಪಿಸಿದೆ. ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅದು ಸರಿಯಾಗಿ ಓಡುವುದನ್ನು ನೋಡಿಕೊಂಡೆ. ಲ್ಯಾಪ್‌ಟಾಪಿನಲ್ಲೂ ಒಂದನ್ನು ಉಳಿಸಿ, ಆ ಫೋಲ್ಡರಿಗೆ 'ಎಲ್ಲರಿಗೂ' ಎಂದು ಹೆಸರಿಟ್ಟೆ. ಮಿಕ್ಕ ಆರನ್ನೂ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದ ಮೇಲೆ ಜಾಗವೋ ಜಾಗ.

ಆಂಟಿ ಕಾಫಿ ತಂದುಕೊಟ್ಟು, ಪರದೆಯನ್ನು ನೋಡಿ, ನಿಧಾನವಾಗಿ ಹೇಳಿದರು: "ಎಲ್ಲಾ ಸರಿ ಕಣಪ್ಪ. ಆದ್ರೆ ಬೀಗರನ್ನ ಎಲ್ಲರ ಜೊತೆ ಕೂರಿಸೋಕಾಗುತ್ತಾ? ಅವರಿಗೊಂದು ಬೇರೆ ಫೋಲ್ಡರ್ ಮಾಡಿಕೊಡು."

ಅಷ್ಟರಲ್ಲಿ ಅರ್ಧ ಕಾಫಿ ಕುಡಿದಿದ್ದೆ. ಮಾಡಿಕೊಟ್ಟು ಬಂದೆ.