ಕಟ್ಟೆಯ ಮೇಲೆ ಕೂತವನಿಗೆ ಕೋಟು ತೊಡಿಸಿದ್ದು

ಅವನು ಮಾತಾಡಲಿಲ್ಲ. ಅವನು ಮಾಡಿದ್ದು ಅಷ್ಟೇ. ಮಿಕ್ಕದ್ದನ್ನೆಲ್ಲ ಅಕ್ಕಲಕೋಟದ ಜನ ಮಾಡಿದರು.

ಯಾವ ವರ್ಷವೆಂದು ಕೇಳಿದರೆ ಹೇಳಲಾರೆ. ಸೊಲ್ಲಾಪುರ ಯಾವ ರಾಜ್ಯಕ್ಕೆ ಹೋಗಬೇಕೆಂದು ಚಹಾದಂಗಡಿಗಳಲ್ಲಿ ಕಪ್ಪುಬಸಿ ಒಡೆಯುತ್ತಿದ್ದ ಕಾಲ ಎಂದರೆ ಸಾಕು. ನಾನು ಆಗಷ್ಟೇ ಕಾಲೇಜು ಸೇರಿದ್ದೆ. ಈ ಪ್ರಸಂಗಕ್ಕೆ ನನ್ನ ನೆನಪು ಅನೇಕ ಸಲ ಸುಣ್ಣ ಹೊಡೆದಿದೆ. ಹಿಂದೊಮ್ಮೆ ಇದು ನಡೆದ ಕಿರಾಣಿ ಅಂಗಡಿಯ ಮುಂದೆ ಒಂದು ಬೇವಿನ ಮರವನ್ನೂ ನೆಟ್ಟುಕೊಟ್ಟಿತ್ತು, ಅದರ ನೆರಳಲ್ಲಿ ಎಲ್ಲರನ್ನೂ ಅಂದವಾಗಿ ನಿಲ್ಲಿಸಿತ್ತು. ಹೋಗಿ ಕೇಳಿದೆ. ಆ ರಸ್ತೆಯಲ್ಲಿ ಬೇವಿನ ಮರ ಎಂದೂ ಇರಲಿಲ್ಲವಂತೆ. ಮರವನ್ನು ಕಿತ್ತುಹಾಕಿ ಬರೆಯುತ್ತಿದ್ದೇನೆ. ಎಲ್ಲರೂ ಬಿಸಿಲಲ್ಲೇ ನಿಲ್ಲಲಿ.

ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಸೊಲ್ಲಾಪುರದಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಅವಳನ್ನು ಅಕ್ಕಲಕೋಟದ ಕಿರಾಣಿ ವ್ಯಾಪಾರಿಗಳ ಮನೆಗೆ ಕೊಟ್ಟಿತ್ತು. ಒಂದು ಚಳಿಗಾಲ ಬಾಳ್ವೆ ಮಾಡಿರಬೇಕು. ರಜಾಕಾರರ ಗದ್ದಲದ ದಿನಗಳಲ್ಲಿ ಗಂಡ ಗಡಿಯಾಚೆ ಆಳಂದದ ಕಡೆ ತೊಗರಿ ತರಲು ಹೋದ. ತೊಗರಿಯೂ ಬರಲಿಲ್ಲ, ಅವನೂ ಬರಲಿಲ್ಲ. ಹೆಣ ಸಿಗದ ಕಾರಣ ಅವಳನ್ನು ವಿಧವೆ ಅನ್ನುವ ಹಾಗಿಲ್ಲ. ಗಂಡ ಸಿಗದ ಕಾರಣ ಯಾರೂ ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಈ ಎರಡರ ಸಂದಿಯಲ್ಲಿ ನುಸುಳಿ ಅವಳು ಪರೀಕ್ಷೆ ಕಟ್ಟಿದಳು, ಹುಡುಗಿಯರ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸ ಹಿಡಿದಳು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದಳು. ಮನೆಯಲ್ಲಿ ಅಷ್ಟು ಸಂತೋಷದಿಂದ ಅವಸರ ಮಾಡುತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಹೀಗಿರುವಾಗ ಅಕ್ಕಲಕೋಟದಲ್ಲಿ, ಅವಳ ಗಂಡನ ಮನೆಯ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಬಂದು ಕೂತ. ಹೆಗಲ ಮೇಲೆ ಒಂದು ಕಂಬಳಿ, ಧೂಳು ತಿಂದ ಕಾಲು. ಕೇಳಿದ್ದಕ್ಕೆ ಉತ್ತರವಿಲ್ಲ.

ಅದು ಮಠದ ಊರು. ಸುಮ್ಮನೆ ಕೂತವನನ್ನು ಸುಮ್ಮನೆ ಬಿಡುವ ಅಭ್ಯಾಸ ಆ ಊರಿಗಿಲ್ಲ. ಮೊದಲು ಅವನನ್ನು ಸಾಧು ಮಾಡಿದರು. ಕಾಯಿ ಒಡೆದರು, ಕಾಯಿಯನ್ನು ಅದೇ ಅಂಗಡಿಯಲ್ಲಿ ಕೊಂಡರು. ಯಾರೋ ಬೀಡಿ ಕೊಟ್ಟಾಗ ಸಾಧು ಸೇದಿದ. ಆಗ ಅವನನ್ನು ತಲೆಮರೆಸಿಕೊಂಡ ರಜಾಕಾರ ಮಾಡಿದರು. ಒಬ್ಬ ಮಾಸ್ತರರು ಬಂದು ಅವನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಕೂಗಿ, ಅವನು ಕಣ್ಣು ಮಿಟುಕಿಸಿದ್ದರಿಂದ ಪತ್ತೇದಾರನೇ ಸೈ ಎಂದು ತೀರ್ಮಾನಿಸಿದರು. ಎಲ್ಲಕ್ಕಿಂತ ದೊಡ್ಡ ಜಗಳ ಅವನು ಕನ್ನಡದವನೋ ಮರಾಠಿಯವನೋ ಎಂಬುದು. ಒಬ್ಬ "ಕಾಯ್ ಪಾವ್ಣಾ, ನಾವ್ ಕಾಯ್?" ಎಂದು ಮರಾಠಿಯಲ್ಲಿ ಹೆಸರು ಕೇಳುವನು, ಇನ್ನೊಬ್ಬ "ಯಾವೂರಾಂವೊ?" ಎಂದು ಕನ್ನಡದಲ್ಲಿ ಗದರುವನು. ಆತ ಒಮ್ಮೆ ಸೀನಿದನಂತೆ.

"ಕೇಳಿದ್ರಿಲ್ಲೊ, ಪಕ್ಕಾ ನಮ್ಮ ಕನ್ನಡ ಸೀನ ಅದು!"

"ಹೋಗೋ ಮಾರಾಯಾ, ಸೀನಿಗೇನು ಸಾಲಿ ಕಲಸ್ತಾರೇನು?"

ಇದರ ಮೇಲೂ ಎರಡು ಪಂಗಡಗಳಾದವು ಎಂದು ಕೇಳಿದ್ದೇನೆ. ನಂಬಲು ನನಗೆ ಯಾವ ಕಷ್ಟವೂ ಇಲ್ಲ.

ಎಷ್ಟು ದಿನ ಅಂತ ಒಬ್ಬನನ್ನು ಸುಮ್ಮನೆ ನೋಡುವುದು? ಊರಿಗೆ ಬೇಸರ ಬಂತು. ಆಗ ಯಾರಿಗೋ ಹೊಳೆಯಿತು: ಇಷ್ಟು ಅಂಗಡಿಗಳಿರುವಾಗ ಇದೇ ಕಟ್ಟೆಗೇ ಯಾಕೆ ಬಂದ? ಕಳೆದುಹೋದ ಮಗನಲ್ಲವೆ? ಚಿಗವ್ವನ ಅತ್ತೆಯನ್ನು ಕೈ ಹಿಡಿದು ಹೊರಗೆ ಕರೆತಂದರು. ಆಕೆಯ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಆಕೆ ಅವನ ಕೈ ಮುಟ್ಟಿ ಅತ್ತಳು. ಒಂದು ಮಾತನ್ನೂ ಆಡಲಿಲ್ಲ. ಆದರೆ ಆ ಊರಿಗೆ ಮಾತು ಬೇಕಾಗಿಯೇ ಇರಲಿಲ್ಲ. ಕ್ಷೌರಿಕನನ್ನು ಕರೆಸಿ ಗಡ್ಡ ತೆಗೆಸಿದರು. ಪೆಟ್ಟಿಗೆಯಲ್ಲಿದ್ದ ಮಗನ ಕೋಟನ್ನೂ ಟೋಪಿಯನ್ನೂ ತಂದು ಅವನಿಗೆ ತೊಡಿಸಿದರು. ಆಮೇಲೆ ಹಿಂದೆ ಸರಿದು ನಿಂತು, ಅವನು ಎಷ್ಟೊಂದು ಮಗನ ಹಾಗೇ ಕಾಣುತ್ತಾನಲ್ಲ ಎಂದು ಬೆರಗಾದರು.

ಸುದ್ದಿ ಹಿಡಿದುಕೊಂಡು ನಮ್ಮ ಮನೆಗೆ ಬಂದವನು ಚಿಗವ್ವನ ಭಾವ, ಅಂದರೆ ಗಂಡನ ಅಣ್ಣ. ಅಂಗಡಿ ನಡೆಸುತ್ತಿದ್ದವನು ಅವನೇ. ಚಹಾ ಬಸಿಗೆ ಸುರಿದುಕೊಂಡು ಆರಿಸುತ್ತ ಹೇಳಿದ:

"ಕೋಟು ಹ್ಯಾಂಗ ಕುಂತೈತಿ ಅಂದ್ರ, ಹೊಲಿದಂಗ ಕುಂತೈತ್ರಿ."

"ಹೊಲಿದ ಕೋಟಲ್ಲೇನ್ರಿ ಅದು?" ಎಂದಳು ಅವ್ವ. "ನಿಮಗ ಹಾಕಿದ್ರೂ ಕುಂದರತೈತಿ."

"ಹಂಗಲ್ಲರಿ. ಊರ ಮಂದಿ ಎಲ್ಲಾ ಅಂಬಾಕತ್ತಾರ, ಅಂವನ ಅಂತ. ಈಕಿ ಬಂದು ಒಮ್ಮೆ ಗುರುತ ಹಿಡದ್ರ ಮುಗೀತು. ಮನಿಗಿ ಸೊಸಿ ಬಂದಂಗ ಆತು, ಸಾಲಿ ಗೀಲಿ ಅಂತ ತಿರಗೂದು ತಪ್ಪಿದಂಗ ಆತು."

"ಮಾತಾಡಾಂವ ಅಲ್ಲ, ಗುರುತ ಹೇಳಾಂವ ಅಲ್ಲ. ಯಾವನೋ ಬಂದು ಕಟ್ಟಿಗಿ ಕುಂತ್ರ ನಮ್ಮ ಹುಡುಗಿ ಸಂಸಾರ ಮಾಡಬೇಕೇನ್ರಿ?"

"ಊರ ಮಂದಿ…"

"ಊರ ಮಂದಿನ ಮಾಡ್ಲಿ ಬಿಡ್ರಿ, ಅಷ್ಟು ಹೌಸಿದ್ರ."

ಚಿಗವ್ವ ಬಾಗಿಲ ಹಿಂದೆ ನಿಂತಿದ್ದಳು. ಹೊರಗೆ ಬಂದು, "ಐತವಾರ ಬರತೀನ್ರಿ. ನೋಡಿ ಬರತೀನಿ," ಎಂದಳು. ನೋಡುವುದು ಎಂಬ ಪದಕ್ಕೆ ಅಕ್ಕಲಕೋಟದಲ್ಲಿ ಒಪ್ಪುವುದು ಎಂದು ಅರ್ಥವಾಗಿಬಿಟ್ಟಿದೆ ಎಂದು ಅವಳಿಗೆ ಗೊತ್ತಿತ್ತು. ಹೋಗದಿದ್ದರೆ ಗಂಡ ಬಂದರೂ ಮನೆಗೆ ಹೋಗದವಳು ಎಂದಾಗುತ್ತಿತ್ತು. ಅಂಥವಳನ್ನು ಹುಡುಗಿಯರ ಶಾಲೆಯವರು ಇಟ್ಟುಕೊಳ್ಳುತ್ತಿರಲಿಲ್ಲ.

ಐತವಾರ ಅವಳ ಜೊತೆ ನಾನು ಹೋದೆ. ಸರಕಾರಿ ಮೋಟಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಳಸಂಗದಲ್ಲಿ ಹತ್ತಿದ, ತಲೆಗೆ ಪಟಗ ಸುತ್ತಿದ ರೈತನೊಬ್ಬ ನಮ್ಮ ಸೀಟಿಗೆ ಆತು ನಿಂತು ಕೇಳಿದ:

"ನೀವೂ ಮೌನಿನ ನೋಡಾಕ ಹೊಂಟೀರೇನ್ರಿ ಬಾಯಿ? ಇವತ್ತ ಅವನ ಹೇಂತಿ ಬರತಾಳಂತ. ಭಾರಿ ಗದ್ದಲ."

"ಹೇಂತಿ ಹ್ಯಾಂಗ ಅದಾಳಂತ?" ಎಂದಳು ಚಿಗವ್ವ.

"ಸಾಲಿ ಕಲಸ್ತಾಳಂತ. ಭಾಳ ಸೊಕ್ಕಿನಾಕಿ ಅಂತಾರ."

"ಹೌದಂತ. ನಾನೂ ಕೇಳೀನಿ."

ಆತ ಇಡೀ ದಾರಿ ನಮಗೆ ಅವಳ ಬಗ್ಗೆ ಹೇಳಿದ. ನಮಗೆ ಗೊತ್ತಿಲ್ಲದ ಸಂಗತಿಗಳೇ ಬಹಳ ಇದ್ದವು.

ಅಂಗಡಿಯ ಮುಂದೆ ಹೆಂಗಸರು ಕೂತಿದ್ದರು, ಗಂಡಸರು ನಿಂತಿದ್ದರು, ಮಾಳಿಗೆಗಳ ಮೇಲೆ ಹುಡುಗರು ಕಾಲು ಇಳಿಬಿಟ್ಟಿದ್ದರು. ಭಜಿ ಕರಿಯುವವನು ಒಲೆಯನ್ನೇ ಅಲ್ಲಿಗೆ ತಂದಿದ್ದ. ಕಟ್ಟೆಯ ಮೇಲೆ ಅವನು ಕರಿ ಕೋಟು ಹಾಕಿಕೊಂಡು, ಸುಡುಬಿಸಿಲಲ್ಲಿ ಬೆವರುತ್ತ ಕೂತಿದ್ದ. ಇಪ್ಪತ್ತೈದೂ ಇರಬಹುದು, ನಲವತ್ತೂ ಇರಬಹುದು. ಅವನ ಮುಖ ಹೇಗಿತ್ತೆಂದು ಬರೆಯಬಲ್ಲೆ. ಆದರೆ ಅದು ನಾನು ಕಂಡ ಮುಖವೋ, ಆ ಮೇಲೆ ಜನ ವರ್ಣಿಸಿದ ಮುಖವೋ ಬೇರ್ಪಡಿಸಲಾರೆ. ಬೇಡ.

ಊರು ಒಂದು ಪರೀಕ್ಷೆಯನ್ನು ಗೊತ್ತುಮಾಡಿತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆ ಮುಂಜಿಗಳಲ್ಲಿ ಬಾಗಿಲು ಅಡ್ಡಗಟ್ಟಿ ಕಾಡಿದಾಗ ಪ್ರಾಸದ ಎರಡು ಸಾಲು ಕಟ್ಟಿ, ಅದರ ಬಾಲಕ್ಕೆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಚಿಗವ್ವ ಅವನೆದುರು ನಿಂತು ಒಡಪು ಹೇಳಬೇಕು, ಹೆಂಡತಿಯ ಬಾಯಿಂದ ಹೆಸರು ಕೇಳಿದೊಡನೆ ಅವನ ನಾಲಗೆ ಬಿಚ್ಚುತ್ತದೆ. ಬಿಚ್ಚದಿದ್ದರೆ? ಬಿಚ್ಚದಿದ್ದರೂ ಊರೆದುರು ಒಡಪು ಹೇಳಿದವಳು ಅವನ ಹೆಂಡತಿಯಲ್ಲದೆ ಇನ್ನೇನು? ಫೇಲಾಗುವ ದಾರಿಯೇ ಇಲ್ಲದ ಇಂಥ ಪರೀಕ್ಷೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಹೆಂಗಸರ ಮುಂದಾಳಾಗಿದ್ದ ಮುದುಕಿಯೊಬ್ಬಳು ಚಿಗವ್ವನ ಬೆನ್ನು ನೂಕಿದಳು. "ನಾಚಬ್ಯಾಡ ಯವ್ವಾ. ಒಡಪು ಹಾಕಿ ಹೆಸರ ತಗೋ. ಗಂಡ ಆಗಿದ್ರ ಕಣ್ಣಾಗ ನೀರ ಬರತಾವ ನೋಡು."

ಚಿಗವ್ವ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಊರು ಹೇಳಿತು. ಇಲ್ಲ, ಬಹಳ ಹೊತ್ತಲ್ಲ. ಬಾಣಲೆಯಿಂದ ಭಜಿಯ ಒಂದು ಘಾಣ ಇಳಿಯುವಷ್ಟು. ಆಮೇಲೆ ಕೈಚೀಲದಿಂದ ನಮ್ಮಿಬ್ಬರ ಬುತ್ತಿ ತೆಗೆದಳು. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವನ ಮುಂದೆ ಹಿಡಿದಳು.

"ಅಣ್ಣಾ, ಉಂಡೀಯೇನು?"



ಹತ್ತು ಜನರ ಎದುರು ಒಬ್ಬನನ್ನು ಅಣ್ಣ ಎಂದ ಮೇಲೆ ಅವಳನ್ನು ಅವನ ಮನೆಗೆ ಹೆಂಡತಿಯಾಗಿ ಕಳಿಸಲು ಯಾವ ಪಂಚರಿಂದಲೂ ಆಗದು. ಕೋಟು ಎಷ್ಟೇ ಚೆನ್ನಾಗಿ ಕೂತಿರಲಿ.

"ಅಯ್ಯ ನಮ ಶಿವನ! ಏನಂದ್ಯವ್ವಾ?" ಎಂದಳು ಮುದುಕಿ.

"ಬಾಯಿ ತಪ್ಪಿ ಬಂತು," ಭಾವ ಜನರ ಕಡೆ ತಿರುಗಿ ಕೈ ಆಡಿಸಿದ. "ಗಾಬರಿ ಆಗ್ಯಾಳ. ಬಾಯಿ ತಪ್ಪಿ ಬಂತ್ರಿ."

"ತಗೋ ಅಣ್ಣಾ," ಎಂದಳು ಚಿಗವ್ವ, ಮೊದಲಿಗಿಂತ ಗಟ್ಟಿಯಾಗಿ, ತರಗತಿಯ ಕೊನೆಯ ಸಾಲಿಗೆ ಕೇಳಿಸುವ ದನಿಯಲ್ಲಿ.

ಅವನು ತೆಗೆದುಕೊಂಡು ತಿಂದ. ಅವನ ಕಣ್ಣಲ್ಲಿ ನೀರು ಬಂತು.

"ನೋಡ್ರಿ, ನೋಡ್ರಿ! ಕಣ್ಣೀರ!"

"ಚಟ್ನಿ ಖಾರ ಐತಿ," ಎಂದಳು ಅವಳು.

ನಾನು ಆ ಚಟ್ನಿ ತಿಂದವಳು. ಖಾರವಿತ್ತು. ಇದಕ್ಕಿಂತ ಹೆಚ್ಚು ಹೇಳಿದರೆ ನಾನೂ ಆ ಗುಂಪಿನಲ್ಲಿ ಒಬ್ಬಳಾಗುತ್ತೇನೆ.

ಚಿಗವ್ವ ಒಳಗೆ ಹೋಗಿ ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಅವಳ ಗಲ್ಲ ಸವರಿ ಕೇಳಿದಳು: "ಅಂವ ಅಲ್ಲೇನು?"

"ಅಲ್ರಿ, ಅತ್ತಿ."

"ಕೈ ಮುಟ್ಟಿದಾಗನ ತಿಳೀತವ್ವ. ಕೇಳಿದ್ರ ಹೇಳತಿದ್ದೆ. ಯಾರೂ ಕೇಳಲಿಲ್ಲ."

ಹೊರಗೆ ಭಾವ ಕೆಂಡವಾಗಿದ್ದ. ಜನ ಅವನನ್ನು ನೋಡಿ ನಗುತ್ತಿದ್ದರು. ಅರ್ಧ ಗಳಿಗೆಯ ಹಿಂದೆ ಇದೇ ಜನ ಅವನಿಗೆ ತಮ್ಮನನ್ನು ಕೊಟ್ಟಿದ್ದರು.

"ಅಣ್ಣ ಅಂದೆಲ್ಲಾ? ಹಂಗಾದ್ರ ಒಯ್ಯಿ ನಿಮ್ಮಣ್ಣನ್ನ! ತವರ ಮನಿಗೆ ಒಯ್ಯಿ! ನಮ್ಮ ಕಟ್ಟಿ ಖಾಲಿ ಮಾಡು!"

ಜನ ಹೋ ಎಂದರು. ಇನ್ನೊಂದು ತಮಾಷೆ ಸಿಕ್ಕಿತ್ತು.

"ಒಯ್ತೀನ್ರಿ. ಏಳಣ್ಣಾ," ಎಂದಳು ಚಿಗವ್ವ. ಊರೆಲ್ಲ ನೂಕಿ, ಚಿವುಟಿ, ಎರಡು ಭಾಷೆಯಲ್ಲಿ ಬೈದು ಎಬ್ಬಿಸಲಾಗದವನು ಎದ್ದು ನಿಂತ. ಭಾವ ಕೋಟಿಗೆ ಕೈ ಹಾಕಿದ. ಒಳಗಿನಿಂದ ಅತ್ತೆ ಕೂಗಿದಳು: "ಕೋಟು ಅವನ ಕೂಡ ಹೋಗ್ಲಿ ಬಿಡೋ. ಪೆಟ್ಟಿಗ್ಯಾಗ ಇಟ್ರ ನುಸಿ ತಿಂತಾವ."

ಹಿಂದಿರುಗುವ ಮೋಟಾರಿನಲ್ಲಿ ಅವನು ನಮ್ಮ ಹಿಂದಿನ ಸೀಟಿನಲ್ಲಿದ್ದ. ಚಿಗವ್ವ ತಿರುಗಿ ನೋಡಲಿಲ್ಲ, ಆದರೆ ಬೆನ್ನನ್ನು ಸೀಟಿಗೆ ಒರಗಿಸಲೂ ಇಲ್ಲ. ಇವನನ್ನು ಮನೆಯಲ್ಲಿ ಎಲ್ಲಿ ಮಲಗಿಸುವುದು, ಅವ್ವನಿಗೆ ಏನು ಹೇಳುವುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ವಳಸಂಗದಲ್ಲಿ ಮೋಟಾರು ನಿಂತಿತು. ಅವನು ಎದ್ದ, ಇಳಿದ, ಹೊಲದ ದಾರಿ ಹಿಡಿದು ನಡೆದ. ಕಂಡಕ್ಟರ್ ಕೂಗಿದ. ಅವನು ಮಾತಾಡಲಿಲ್ಲ.

ಕಿಟಕಿಯ ಬದಿಗೆ ನಾನಿದ್ದೆ. ಚಿಗವ್ವ ಮುಂದೆ ನೋಡುತ್ತಲೇ ಕೇಳಿದಳು: "ಹೊಳ್ಳಿ ನೋಡಿದ್ನೇನು?"

"ಇಲ್ಲ," ಎಂದೆ.

ನೋಡಿರಲಿಲ್ಲ. ಬೇವಿನ ಮರ ನೆಟ್ಟ ನೆನಪು ಇದನ್ನು ತಿದ್ದಲು ಅನೇಕ ಸಲ ಯತ್ನಿಸಿದೆ. ಕರಿ ಕೋಟಿನವನನ್ನು ಹೊಲದ ಬದುವಿನ ಮೇಲೆ ನಿಲ್ಲಿಸಿ ಕುತ್ತಿಗೆ ತಿರುಗಿಸಲು ನೋಡಿದೆ. ನಾನು ಬಿಟ್ಟಿಲ್ಲ.

ಅಕ್ಕಲಕೋಟದವರು ಅವಳನ್ನು ಬಹಳ ದಿನ ಬಿಡಲಿಲ್ಲ. ಗಂಡನನ್ನೇ ಅಣ್ಣ ಎಂದ ಪಾಪಿ ಎಂದು ಒಂದು ಪಂಗಡ, ಮೌನಿಯನ್ನು ಓಡಿಸಿದ ಪಾಪಿ ಎಂದು ಇನ್ನೊಂದು. ಶಾಲೆಯವರಿಗೂ ಸುದ್ದಿ ಮುಟ್ಟಿತು. ಆದರೆ ಅಣ್ಣನಿಗೆ ರೊಟ್ಟಿ ಕೊಟ್ಟದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆಯಲು ಬರುವುದಿಲ್ಲ.

ಅಂದು ಮನೆ ಸೇರಿದವಳೇ ಶಾಲೆಗೆ ಉಡುವ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದಿದಳು. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, ನಾವಿಬ್ಬರೇ ಬಂದದ್ದನ್ನು ನೋಡಿ ಕೇಳಿದಳು:

"ಯಾರಂತಲೇ ಅಂವ?"

"ನಮ್ಮಣ್ಣ. ನಿನಗ ತಮ್ಮ ಆಗಬೇಕು," ಎಂದು ಚಿಗವ್ವ ಸೀರೆಯನ್ನು ಕಲ್ಲಿಗೆ ಬಡಿದಳು. "ಅತ್ತಾಗ ಸರದ ನಿಂದ್ರು. ಬಿಸಲ ಇಳೀತು, ಮುಂಜಾನಿಗಿ ಇದು ಆರತೈತೋ ಇಲ್ಲೋ."