ಟ್ಯಾಂಕಿಗೆ ಇಳಿಯುವವರು ಯಾರು

ಸರ್ವೆಗೆ ಬಂದ ಹುಡುಗಿ ನಮ್ಮ ಜಗಲಿಯಲ್ಲಿ ಕೂತು ಒಂದೊಂದೇ ಪ್ರಶ್ನೆ ಕೇಳಿ ಉತ್ತರವನ್ನು ಫೋನಿನಲ್ಲಿ ಒತ್ತುತ್ತಿದ್ದಳು. ನನ್ನ ಸರದಿ ಬಂತು. "ಉದ್ಯೋಗ?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಅವಳಿಗೆಂತ ಉದ್ಯೋಗ? ಇಲ್ಲ ಅಂತ ಹಾಕಿ" ಅಂದರು. ಹುಡುಗಿ ಹಾಗೇ ಒತ್ತಿದಳು.

ನಾನು ಕಾಫಿ ಹಿಡಿದು ಅಲ್ಲೇ ನಿಂತಿದ್ದೆ. ಬೆಳಗಿನಿಂದ ಬಚ್ಚಲು ಉಜ್ಜಿ, ಕೊಟ್ಟಿಗೆ ತೊಳೆದು, ಹಿಂದಿನ ದಿನದ ತಿಥಿಯೂಟದ ಹಂಡೆಗಳ ಮಸಿ ಬಿಡಿಸಿ ಬಂದ ಕೈ. ಉಗುರಿನ ಸಂದಿಯಲ್ಲಿ ಮಸಿ ಇನ್ನೂ ಇತ್ತು. ಇಪ್ಪತ್ತೆಂಟು ವರ್ಷ ಈ ಮನೆಯನ್ನು ತೊಳೆದಿದ್ದೇನೆ, ಅದರ ಹೆಸರು 'ಇಲ್ಲ'. ಮೈಯೆಲ್ಲ ಉರಿದುಹೋಯಿತು. ಹುಡುಗಿಯ ಎದುರು ಜಗಳ ಬೇಡವೆಂದು ಕಾಫಿ ಕೊಟ್ಟು ಒಳಗೆ ಹೋದೆ.

ಹಿಂದುಗಡೆ ಅವಳು ಹಂಡೆ ಕವುಚಿ ಹಾಕುತ್ತಿದ್ದಳು. ಅವಳು ಅಂದರೆ ಹದಿನಾರು ವರ್ಷದಿಂದ ನಮ್ಮಲ್ಲಿ ಕೂಲಿಗೆ ಬರುವವಳು. ತೋಟದ ಕೆಲಸ ಇದ್ದಾಗ ತೋಟಕ್ಕೆ, ಇಲ್ಲದಾಗ ಮನೆಗೆ. ಮದುವೆ, ತಿಥಿ, ನಾಮಕರಣ, ಏನೇ ಆಗಲಿ, ಊಟ ಮಾಡಿದವರು ಎದ್ದು ಹೋದ ಮೇಲೆ ಉಳಿಯುವವರು ನಾವಿಬ್ಬರೇ. ನಡೆದದ್ದು ಹೇಳಿದೆ. ಅವಳು ನಕ್ಕುಬಿಟ್ಟಳು.

"ನಂಗಾದ್ರೂ ಕೂಲಿ ಅಂತ ಬರ್ದ್ರು ಅಮ್ಮ. ನಿಮ್ಗಿಂತ ಒಂದು ಮೆಟ್ಟಿಲು ಮೇಲಾತು."

"ನಗಬೇಡ ಮಾರಾಯ್ತಿ. ನಾವಿಬ್ಬರೂ ಸೇರಿ ಇದನ್ನೇ ಹೊರಗೆ ಮಾಡಿದ್ರೆ? ಕ್ಲೀನಿಂಗ್ ಕೆಲಸ. ನಮ್ಮದೇ."

ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಅವಳು ಮಾತ್ರ ಹಂಡೆ ಕೆಳಗಿಟ್ಟು, "ಎಂತದು ಕ್ಲೀನ್ ಮಾಡೋದು? ಅದು ಹೇಳಿ ಮೊದ್ಲು" ಅಂದಳು. ಆ ಪ್ರಶ್ನೆ ಹಿಡಿದುಕೊಂಡು ನಾವು ಒಂದು ತಿಂಗಳು ಬಸ್ಸು ಹತ್ತಿ ಇಳಿದೆವು.

ಮೊದಲು ಶೃಂಗೇರಿ. ಯಾತ್ರಿಕರು ಬರುವ ಊರು, ಬೀದಿಗೊಂದು ಲಾಡ್ಜು, ಬೆಳಿಗ್ಗೆ ರೂಮು ಖಾಲಿಯಾದರೆ ಮಧ್ಯಾಹ್ನದೊಳಗೆ ಮತ್ತೆ ತಯಾರಾಗಬೇಕು. ಇದಕ್ಕಿಂತ ಒಳ್ಳೆಯದು ಬೇಕೇ ಅಂದುಕೊಂಡೆ. ಒಂದು ಲಾಡ್ಜಿನ ಮ್ಯಾನೇಜರು ನನ್ನ ಮಾತು ಕೇಳಿ, "ನೀವು ಯಾವ ಕಡೆಯವ್ರು? ಯಾರ ಮನೆ?" ಅಂದ. ನಾರ್ವೆ ಕಡೆ ಎಂದೆ, ಮನೆ ಹೇಳಿದೆ. ತಕ್ಷಣ ಕುರ್ಚಿ ಎಳೆದು ಹಾಕಿದ. ಒಂದೇ ಕುರ್ಚಿ. ಅವಳು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ನಿಂತಿದ್ದಳು.

"ನಿಮ್ಮಂಥೋರು ಈ ಕೆಲಸಕ್ಕೆ ಎಂತಕ್ಕೆ ಬರ್ಬೇಕು ಅಮ್ಮ? ಇವಳನ್ನ ಕಳಿಸಿ, ಸಾಕು. ಹಿಂದಿನ ಮೆಟ್ಟಿಲಲ್ಲಿ ಬಂದು ಮಾಡಿ ಹೋಗ್ಲಿ."

"ಕೆಲಸಕ್ಕೆ ಜನ ಕೊಡ್ಲಿಕ್ಕೆ ಬಂದದ್ದಲ್ಲ ನಾನು. ಕೆಲಸ ವಹಿಸಿಕೊಳ್ಳಲಿಕ್ಕೆ ಬಂದದ್ದು, ಇಬ್ಬರೂ" ಎಂದು ಎದ್ದು ಬಂದೆ. ದಾರಿಯುದ್ದಕ್ಕೂ ಆ ಮನುಷ್ಯನಿಗೆ ಬೈದೆ. ಅವನ ಹಿಂದಿನ ಮೆಟ್ಟಿಲಿಗೆ ಬೈದೆ, ಅವನ ಮೇಜಿನ ಮೇಲಿದ್ದ ಗೀಚಿದ ರಿಜಿಸ್ಟರಿಗೆ ಬೈದೆ. ಅವಳು ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದಳು. ಅವನು ಹಾಕಿದ ಕುರ್ಚಿಯಲ್ಲಿ ನಾನು ಕೂತಿದ್ದೆ, ಎದ್ದು ಬರುವವರೆಗೂ ಆರಾಮಾಗಿ ಕೂತೇ ಇದ್ದೆ ಎನ್ನುವುದು ಆಗ ನನ್ನ ತಲೆಗೇ ಬರಲಿಲ್ಲ.

ಆಮೇಲೆ ನರಸಿಂಹರಾಜಪುರ. ಅಲ್ಲಿ ಆಫೀಸುಗಳು ಹೆಚ್ಚು, ಗುಡಿಸುವ ಒರೆಸುವ ಕೆಲಸವನ್ನು ಹೊರಗಿನವರಿಗೆ ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಒಂದು ಆಫೀಸಿನಲ್ಲಿ ಗುಮಾಸ್ತರು ನಾವು ಕೊಡಬೇಕಾದ ಕಾಗದಗಳ ಪಟ್ಟಿ ಓದಿದರು. ಕೊನೆಯದು ಮೂರು ವರ್ಷದ ಅನುಭವದ ಸರ್ಟಿಫಿಕೇಟು.

"ಗುಡಿಸಿದ್ದಕ್ಕೆ ಸರ್ಟಿಫಿಕೇಟಾ? ಅದನ್ನ ಯಾರು ಕೊಡ್ತಾರೆ ಸ್ವಾಮಿ?"

"ಇಷ್ಟು ದಿನ ಕೆಲಸ ಮಾಡಿಸಿಕೊಂಡವ್ರು ಕೊಡ್ಬೇಕು."

ನನ್ನಿಂದ ಕೆಲಸ ಮಾಡಿಸಿಕೊಂಡವರು ಫೋನಿನಲ್ಲಿ 'ಇಲ್ಲ' ಎಂದು ಒತ್ತಿಸಿ ಕಳಿಸಿದವರು. ಅವರ ಹತ್ತಿರ ಸರ್ಟಿಫಿಕೇಟು ಬೇರೆ! ಅಲ್ಲಿಯೂ ಒಂದು ಜಗಳ ಆಡಿ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಅವಳು ಮೆಲ್ಲಗೆ, "ನಂಗೆ ನೀವೇ ಕೊಡ್ಬೋದು ಅಲ್ವೇನಮ್ಮ, ಸರ್ಟಿಫಿಕೇಟು? ಹದಿನಾರು ವರ್ಷದ್ದು" ಅಂದಳು. ತಮಾಷೆ ಎಂದುಕೊಂಡು ನಕ್ಕೆ.

ಕಡೆಗೆ ನಮ್ಮ ಕೆಲಸ ನಮಗೆ ಸಿಕ್ಕಿದ್ದು ಕೊಪ್ಪದ ಪಕ್ಕದ ಬಾಳಗಡಿಯಲ್ಲಿ. ಅವಳ ಮಗಳು ಕೊಪ್ಪದಲ್ಲಿ ಕಾಲೇಜಿಗೆ ಹೋಗುತ್ತಾಳೆ, ಬಾಳಗಡಿಯ ಒಂದು ಮನೆಯ ಮಹಡಿಯಲ್ಲಿ ನಾಲ್ಕು ಹುಡುಗಿಯರ ಜೊತೆ ಬಾಡಿಗೆಗಿದ್ದಾಳೆ. ಐವರಿಗೂ ಒಟ್ಟಿಗೆ ಹೊಟ್ಟೆ ಕೆಟ್ಟಿತು. ನೋಡಿಕೊಂಡು ಬರಲು ಇಬ್ಬರೂ ಹೋದೆವು. ಹುಡುಗಿಯರು ಬಾಡಿದ ಬಸಳೆಯ ಹಾಗೆ ಮಲಗಿದ್ದರು. ಅವಳು ನಲ್ಲಿ ಬಿಟ್ಟು ನೀರನ್ನು ಮೂಸಿ ನೋಡಿ, ನೇರ ತಾರಸಿ ಹತ್ತಿದಳು. ಪ್ಲಾಸ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದು ನನ್ನನ್ನು ಕರೆದಳು.

ಅಯ್ಯೋ ಕರ್ಮವೇ! ಗೋಡೆಯಲ್ಲಿ ಬೆರಳು ದಪ್ಪ ಲೋಳೆ, ತಳದಲ್ಲಿ ಕೆಂಪು ರಾಡಿ, ನೀರಿನ ಮೇಲೆ ಒಂದು ಹಲ್ಲಿ ಹೊಟ್ಟೆ ಮೇಲು ಮಾಡಿಕೊಂಡು ತೇಲುತ್ತಿತ್ತು. ಸುತ್ತ ನೋಡಿದೆವು. ಎಲ್ಲ ತಾರಸಿಗಳ ಮೇಲೂ ಒಂದೊಂದು ಕರಿ ಟ್ಯಾಂಕು. ಯಾರೂ ಮುಚ್ಚಳ ತೆಗೆದು ನೋಡುವವರಲ್ಲ. "ಇದೇ ಅಮ್ಮ" ಅಂದಳು. "ಹೌದು ಮಾರಾಯ್ತಿ, ಇದೇ" ಅಂದೆ. ಅಷ್ಟು ಸಂತೋಷ ನನಗೆ ಯಾವ ಮದುವೆ ಮನೆಯಲ್ಲೂ ಆಗಿರಲಿಲ್ಲ.

ಮನೆಯ ಯಜಮಾನಿ ಕೆಳಗೇ ಇರುವವರು. ಹಲ್ಲಿಯ ಸುದ್ದಿ ಕೇಳಿ ಮುಖ ಹುಳ್ಳಗೆ ಮಾಡಿಕೊಂಡು, "ಭಾನುವಾರ ಬಂದು ತೊಳೀರಿ" ಎಂದರು. ನಮ್ಮ ಮೊದಲ ಕೆಲಸ! ನಾನು ಬಾಗಿಲು ದಾಟುವಷ್ಟರಲ್ಲಿ ಅವರು ದನಿ ತಗ್ಗಿಸಿದರು.

"ಅಲ್ಲ, ಟ್ಯಾಂಕಿನ ಒಳಗೆ ಇಳಿಯೋದು ಯಾರು? ನೀವೇ ಅಲ್ವಾ? ನಾವೂ ಅದೇ ನೀರು ಕುಡಿಯೋದು ನೋಡಿ, ಹಂಗಾಗಿ ಕೇಳ್ದೆ."

ಕೇಳಿದ್ದು ಏನೆಂದು ನನಗೆ ಗೊತ್ತಾಯಿತು. ನನ್ನ ಹಿಂದೆ ಒಂದು ಮಾರು ದೂರದಲ್ಲಿ ನಿಂತಿದ್ದ ಅವಳಿಗೂ ಗೊತ್ತಾಯಿತು. ಶೃಂಗೇರಿಯಲ್ಲಿ ಎದ್ದು ಬಂದವಳು, ನರಸಿಂಹರಾಜಪುರದಲ್ಲಿ ಜಗಳ ಆಡಿದವಳು, ಕೈಗೆ ಬಂದ ಕೆಲಸ ಹೋದೀತೆಂದು ಬಾಯಿಬಿಟ್ಟೆ: "ನಾನೇ ಇಳಿಯೋದು."

ನನ್ನ ಗಾತ್ರ ನೋಡಿದವರಿಗೆ ಹೇಳಬೇಕಾಗಿಲ್ಲ. ಆ ಟ್ಯಾಂಕಿನ ಬಾಯಲ್ಲಿ ನನ್ನ ಒಂದು ತೊಡೆ ಇಳಿದರೆ ಹೆಚ್ಚು. ಇಳಿಯುವವಳು ಅವಳೇ ಎಂದು ತಾರಸಿಯಲ್ಲಿ ಮಾತಾಡದೆಯೇ ನಿಶ್ಚಯವಾಗಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಇದ್ದರೂ ಅವಳು ಹಿಂದೆ ಹೋಗಿ ಕೂತಳು. ಇಳಿಯುವಾಗ, "ಭಾನುವಾರ ನಾ ಬರಲ್ಲ ಅಮ್ಮ. ನೀವೇ ಇಳ್ದು ತೊಳೀರಿ" ಎಂದು ಹೇಳಿ ಹೋದಳು.

ನಾಚಿಕೆಗೇಡು, ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಅವಳ ಮೇಲೆ. ಇಬ್ಬರಿಗೂ ಕೆಲಸ ಸಿಗಲಿ ಅಂತ ಸುಳ್ಳು ಹೇಳಿದರೆ ಇವಳಿಗೆ ಕೊಬ್ಬು! ಮರುದಿನ ಅವಳ ಮನೆಯ ಅಂಗಳಕ್ಕೇ ಹೋಗಿ ನಿಂತು ಬೈದೆ. ಅವಳು ಸೌದೆ ಒಡೆಯುತ್ತಿದ್ದಳು. ಕೊಡಲಿ ಕೆಳಗಿಟ್ಟಳು.

"ಆತಾ ನಿಮ್ದು? ಈಗ ನಾ ಒಂದು ಕೇಳ್ತೀನಿ. ಹದಿನಾರು ವರ್ಷದಲ್ಲಿ ನಿಮ್ಮನೇಲಿ ನಾ ತೊಳೀದೆ ಇರೋದು ಎಂತದು?"

ಅವಳೇ ಎರಡು ಬೆರಳು ಎತ್ತಿ ತೋರಿಸಿದಳು.

"ಎರಡೇ. ದೇವರ ಕೋಣೆ, ಕುಡಿಯೋ ನೀರಿನ ಟ್ಯಾಂಕು. ಆ ಬಾಳಗಡಿಯಮ್ಮ ಬಾಯಿಬಿಟ್ಟು ಕೇಳಿದ್ರು. ನೀವು ಕೇಳ್ದೇನೇ ನಡ್ಸಿದ್ರಿ. ಮೊದ್ಲು ನಿಮ್ಮನೆ ಟ್ಯಾಂಕ್ ತೊಳೀತೀನಿ. ಅದಾದ್ರೆ ಬಾಳಗಡಿ. ಇಲ್ದಿದ್ರೆ ನಂಗೆ ಕೂಲಿನೇ ಸಾಕು."

ಇಷ್ಟು ಹೇಳಿ ಮತ್ತೆ ಸೌದೆಗೆ ಬಗ್ಗಿದಳು. ನಾನು ಬಂದ ದಾರಿಯಲ್ಲೇ ತಿರುಗಿದೆ. ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಅವಳ ಲೋಟ ಬೋರಲಾಗಿತ್ತು. ಸ್ಟೀಲಿನ ಸಣ್ಣ ಲೋಟ, ಅಂಚಿನಲ್ಲಿ ಒಂದು ತಗ್ಗು. ಅತ್ತೆ ಇದ್ದಾಗ ಅವರು ಇಟ್ಟದ್ದು. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಯಿತು, ಆಮೇಲೆ ಇಟ್ಟವಳು ನಾನು. ದಿನಾ ಎತ್ತರದಿಂದ ಕಾಫಿ ಹೊಯ್ಯುವುದು, ಅವಳು ಕುಡಿದು ತೊಳೆದು ಬೋರಲು ಹಾಕುವುದು. ಯಾರಾದರೂ ಕೇಳಿದ್ದರೆ, ಅದು ಅವಳದೇ ಲೋಟ, ಅವಳಿಗೇ ಇರಲಿ ಅಂತ, ಎಂದು ನುಣ್ಣಗೆ ಹೇಳುತ್ತಿದ್ದೆ. ಥೂ ನನ್ನ ಜನ್ಮಕ್ಕೆ! ಊರಿಗೆಲ್ಲ ಬೈದುಕೊಂಡು ತಿರುಗಿದವಳ ಹಿತ್ತಿಲಲ್ಲೇ ಇತ್ತು ಅದು.

ಶನಿವಾರ ಬೆಳಿಗ್ಗೆ ಹಿತ್ತಿಲ ಟ್ಯಾಂಕಿಗೆ ಏಣಿ ಇಟ್ಟೆ. ಅವಳು ಬ್ರಷ್ಷು, ಬಕೆಟ್ಟು ಹಿಡಿದು ಬಂದಳು. ವರ್ಷಕ್ಕೊಮ್ಮೆ ಆ ಟ್ಯಾಂಕನ್ನು ತೊಳೆದಂತೆ ಮಾಡುತ್ತಿದ್ದವರು ನನ್ನ ಗಂಡ. ಓಡಿ ಬಂದರು.

"ಟ್ಯಾಂಕಿಗೆ ಅವಳನ್ನ ಇಳಿಸ್ತೀಯ? ತಲೆ ಸರಿ ಉಂಟಾ ನಿಂಗೆ?"

"ಈಗ ಸರಿ ಆಯ್ತು. ಅವಳು ನೆಟ್ಟ ಗದ್ದೆ ಅಕ್ಕಿ ಉಣ್ತೀರಿ, ಅವಳು ಒಗೆದ ಪಂಚೆ ಉಡ್ತೀರಿ, ನೀರಿಗೆ ಮಾತ್ರ ಮೈಲಿಗೆಯಾ?"

"ಹಂಗಲ್ಲ ಮಾರಾಯ್ತಿ, ನಾಲ್ಕು ಜನ ಎಂತ ಹೇಳ್ತಾರೆ..."

"ಆ ನಾಲ್ಕು ಜನ ಬಂದು ತೊಳೀಲಿ ಹಾಗಾದ್ರೆ! ನಂಗೆ ಉದ್ಯೋಗ ಇಲ್ಲ ಅಂತ ಬರೆಸಿದ್ರಲ್ಲ, ಇಲ್ಲದ ಉದ್ಯೋಗಕ್ಕೆ ಅಡ್ಡ ಬರಬೇಡಿ. ಅಷ್ಟು ಕಷ್ಟ ಆದ್ರೆ ಬಾವಿಯಿಂದ ಸೇದಿಕೊಂಡು ಕುಡೀರಿ."

ಅವರು ಸ್ಕೂಟರ್ ಹತ್ತಿ ಕೊಪ್ಪಕ್ಕೆ ಹೋದರು. ನಾನು ಏಣಿ ಹಿಡಿದೆ. ಅವಳು ಏನೂ ಕೇಳಿಸದವಳ ಹಾಗೆ ಸೆರಗು ಕಟ್ಟಿ ಟ್ಯಾಂಕಿನೊಳಗೆ ಇಳಿದಳು. ಒಳಗಿಂದ ಬಕೆಟ್ಟು ಬಕೆಟ್ಟು ಕೆಸರು ಕೊಟ್ಟಳು, ನಾನು ಹೊಯ್ದೆ. "ಯಜಮಾನ್ರು ಚೆನ್ನಾಗಿ ತೊಳ್ದಿದಾರೆ ಅಮ್ಮ, ಇಲ್ಲಿ ಭತ್ತ ಬಿತ್ಬೋದು" ಎಂದು ಒಳಗಿಂದ ಅವಳ ದನಿ ಗುಂಯ್ ಎಂದು ಬಂತು.

ನೀರು ಹೋಗುವ ಪೈಪು ತಳದಿಂದ ಎರಡು ಬೆರಳು ಮೇಲಿರುತ್ತದೆ, ಅದರ ಕೆಳಗಿನ ರಾಡಿಯನ್ನು ಮೊಗೆದೇ ತೆಗೆಯಬೇಕು. ಅಂಚಿನ ಸಂದಿಗೆ ಮಗ್ಗು ಹಿಡಿಯಲಿಲ್ಲ. "ಒಂದು ಸಣ್ಣ ಲೋಟ ಕೊಡಿ" ಅಂದಳು. ಒಳಗೆ ಹೋಗಲು ತಿರುಗಿದೆ. "ಅಲ್ಲೇ ಇದ್ಯಲ್ಲ ಅಮ್ಮ, ಕಟ್ಟೆ ಮೇಲೆ" ಎಂದಳು. ಟ್ಯಾಂಕಿನ ಬಾಯಿಂದ ಅವಳ ತಲೆ ಮೇಲೆ ಬಂದಿತ್ತು, ಕೈ ಚಾಚಿದ್ದಳು. ತಂದುಕೊಟ್ಟೆ. ಆ ಲೋಟದಲ್ಲಿ ಕೊನೆಯ ಹನಿಯವರೆಗೂ ಕೆರೆದು ಮೊಗೆದಳು. ಮೇಲೆ ಬಂದು ಬ್ರಷ್ಷಿನ ಜೊತೆ ಅದನ್ನು ಬಕೆಟ್ಟಿಗೆ ಎಸೆದು, "ಇದು ಇನ್ನು ಕೆಲಸದ ಸಾಮಾನು" ಅಂದಳು.

ಟ್ಯಾಂಕು ತುಂಬಿದ ಮೇಲೆ ಕಾಫಿ ಮಾಡಿದೆ. ನಾವು ಕುಡಿಯುವ ಲೋಟದಲ್ಲೇ ಇಬ್ಬರಿಗೂ ತಂದೆ. ಅವಳು ಕಟ್ಟೆಯ ಮೇಲೆ ಕೂತು ಕುಡಿದಳು. ನನಗೆ ಅಳು ಬರುವ ಹಾಗಾಗಿತ್ತು, ಏನೋ ದೊಡ್ಡದು ಮಾಡಿದೆ ಎನ್ನುವ ಮುಖ ಇತ್ತೇನೋ. ಅವಳು ಅದನ್ನು ನೋಡಿ, "ಸಕ್ರೆ ಕಮ್ಮಿ ಆತು. ಯಾವಾಗ್ಲೂ ಕಮ್ಮಿನೇ, ಹೇಳಿರಲಿಲ್ಲ ಅಷ್ಟೆ" ಎಂದಳು. ನಾನು ಸಕ್ಕರೆ ಡಬ್ಬಿ ತಂದಿಟ್ಟೆ.

ಭಾನುವಾರ ಬಾಳಗಡಿಗೆ ಹೋದಾಗ ಯಜಮಾನಿ ಬಾಗಿಲಲ್ಲೇ ಸಿಕ್ಕರು. ನನ್ನನ್ನು ಕೆಳಗಿಂದ ಮೇಲೆ ನೋಡಿ, "ನೀವೇ ಇಳಿಯೋದಲ್ವಾ?" ಎಂದು ಇನ್ನೊಮ್ಮೆ ಕೇಳಿದರು.

"ಅಲ್ಲ. ಇವಳು ಇಳಿಯೋದು. ಮೊನ್ನೆ ನಾನು ಸುಳ್ಳು ಹೇಳಿದೆ" ಅಂದೆ.

ಅವರ ಮುಖ ಕಪ್ಪಿಟ್ಟಿತು. "ಹಂಗಾದ್ರೆ ನಮ್ಮನೆಯವ್ರನ್ನ ಒಂದು ಮಾತು ಕೇಳ್ಬೇಕು..." ಎಂದು ಎಳೆದರು. ನನಗೆ ಪಿತ್ತ ನೆತ್ತಿಗೇರಿತು, ಬಾಯಿ ತೆರೆದೆ. ಅವಳು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ ತಾನೇ ಮುಂದೆ ಬಂದಳು. ಹದಿನಾರು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಕೇಳಿ ಬನ್ನಿ ಅಮ್ಮ. ನನ್ನ ಮಗಳು ಮೂರು ತಿಂಗಳಿಂದ ನಿಮ್ಮ ಟ್ಯಾಂಕಿನ ನೀರು ಕುಡೀತಿದಾಳೆ. ಯಾರು ತೊಳ್ದಿದ್ದು ಅಂತ ನಾ ಒಂದಿನ ಕೇಳಿದ್ನಾ?"

ಇವಳು ಕಾಯಲಿಲ್ಲ. ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದಳು, ಎದುರಿನ ಮೆಟ್ಟಿಲು. ಒಳಗೆ ಆ ಲೋಟ ಕಣಕಣ ಅನ್ನುತ್ತಿತ್ತು. ನಾನು ಏದುಸಿರು ಬಿಡುತ್ತ ತಾರಸಿ ಮುಟ್ಟುವಷ್ಟರಲ್ಲಿ ಟ್ಯಾಂಕಿನ ವಾಲ್ವು ತಿರುಗಿಸಿಬಿಟ್ಟಿದ್ದಳು. ಕೆಂಪು ನೀರು ಹಲ್ಲಿಯ ಸಮೇತ ಯಜಮಾನಿಯ ಅಡುಗೆಮನೆ ಕಿಟಕಿಯ ಮುಂದಿನಿಂದ ದಬದಬ ಸುರಿಯುತ್ತಿತ್ತು. ಕೆಳಗಿಂದ ಕೂಗಿದ್ದು ಕೇಳಿಸಿತು, ಬೇಡ ಎಂದರೋ ಬೇಗ ಎಂದರೋ ತಿಳಿಯಲಿಲ್ಲ.

ನೀರು ತಳಕ್ಕೆ ಇಳಿದ ಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ಯಾಂಕಿನ ಬಾಯಿಗೆ ಕಾಲು ಹಾಕಿದಳು. ಕೆಳಗಿನವರಿಗೆ, ಪಕ್ಕದ ಮನೆಯವರಿಗೆ, ಬೀದಿಗೆಲ್ಲ ಕೇಳುವ ಹಾಗೆ, "ನಾನೇ ಇಳೀತಿದೀನಿ!" ಎಂದು ಕೂಗಿ ಒಳಗೆ ಇಳಿದಳು.