ಇರಣ್ಣನ ಎರಡು ಪೆಟ್ಟು

ಶನಿವಾರ ಬಂತೆಂದರೆ ನಮ್ಮ ಇರಣ್ಣ ಮನೆಯಲ್ಲಿ ಸಿಗುವುದಿಲ್ಲ. ಟೆಕ್ಸಸ್‌ನ ದ ವುಡ್‌ಲ್ಯಾಂಡ್ಸ್ ಊರಿನಿಂದ ನೇರ ಹ್ಯೂಸ್ಟನ್‌ಗೆ, ಡೆಸ್ಮಂಡ್ ಅಂಕಲ್ ಗ್ಯಾರೇಜಿಗೆ. ಅಲ್ಲಿ ರೆಗೆ ಸಂಗೀತದ ಬ್ಯಾಂಡಿನ ಪ್ರಾಕ್ಟೀಸು. ಅಂಕಲ್ ಜಮೈಕಾದವರು, ಅಲ್ಲಿನ ರಾಸ್ತಾ ಪಂಥದವರು. ಸೊಂಟದವರೆಗೆ ಇಳಿದ ಬಿಳಿ ಜಡೆ, ಮಾಂಸವಿಲ್ಲದ ಊಟ. ಗಿಟಾರು ಮುಟ್ಟುವ ಮುಂಚೆ ಮೂರು ಡೋಲು ಬಾರಿಸಿ ಪ್ರಾರ್ಥನೆ ಆಗಲೇಬೇಕು. ದೊಡ್ಡ ಡೋಲು ಗುಡುಗುತ್ತದೆ. ಚಿಕ್ಕದು ಮನಸ್ಸಿಗೆ ಬಂದಂತೆ ಕುಣಿಯುತ್ತದೆ. ನಡುವಿನದು ಎದೆಬಡಿತದ ಹಾಗೆ: ಎರಡು ಪೆಟ್ಟು, ಬಿಡುವು, ಮತ್ತೆ ಎರಡು ಪೆಟ್ಟು.

ಇರಣ್ಣ ಧಾರವಾಡದಲ್ಲಿ ಹದಿನಾಲ್ಕು ವರ್ಷ ತಬಲಾ ಕಲಿತವನು. ಅವನ ಕಣ್ಣು ಚಿಕ್ಕದರ ಮೇಲಿತ್ತು, ಅಂಕಲ್ ಕೊಟ್ಟಿದ್ದು ನಡುವಿನದು.

2014ರ ಮಾರ್ಚಿನಲ್ಲಿ ಎಡವಟ್ಟಾಯಿತು. ಬಿಡುವು ಕಂಡರೆ ತಬಲಾದವರ ಬೆರಳು ಸುಮ್ಮನಿರುತ್ತದೆಯೇ? ಬ್ಯಾಂಡಿನಲ್ಲಿ ಹಾಡುವಾಕೆ ಕಣ್ಣು ಮುಚ್ಚಿ ಪ್ರಾರ್ಥನೆ ಎತ್ತಿದಾಗ ಇರಣ್ಣ ನಡುವೆ ಮೂರು ಸಲ ತಿರುಗಿ ಬರುವ ಒಂದು ತಿಹಾಯಿ ಬಾರಿಸಿ, ಈಗ ಯಾರಾದರೂ ವಾಹ್ ಅನ್ನುತ್ತಾರೆಂದು ತಲೆಯೆತ್ತಿದ. ಹಾಡು ನಿಂತುಹೋಗಿತ್ತು.

“ಅವಳು ದೇವರ ಹೆಸರು ಹೇಳುತ್ತಿದ್ದಳು. ನೀನು ಮಧ್ಯೆ ನಿನ್ನ ಹೆಸರು ಹೇಳಿದೆ,” ಎಂದರು ಅಂಕಲ್, ಸಿಟ್ಟಿಲ್ಲದೆ. “ಆಸ್ಟಿನ್‌ನಲ್ಲಿ ನಮ್ಮ ಬ್ಯಾಂಡಿನ ಕಾರ್ಯಕ್ರಮಕ್ಕೆ ಮೂರು ವಾರ ಇದೆ. ಆ ಎರಡು ಪೆಟ್ಟು ನಿಜವಾಗಿ ಬಂದರೆ ಬಾರಿಸು. ಬರದಿದ್ದರೆ ಜನರ ಜೊತೆ ಮುಂದೆ ಕೂತು ಕೇಳು.”

ಇರಣ್ಣ ಮುಖ ಇಳಿಬಿಟ್ಟು ಮನೆಗೆ ಬಂದ. ಹೆಂಡತಿ ಗೋದಾವರಿ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಎರಡ ಪೆಟ್ಟಿಗೆ ಒಂದ್ ತಾಸು ಡ್ರೈವ್ ಮಾಡ್ತೀರಿ. ಇಲ್ಲೇ ರೊಟ್ಟಿ ಬಡೀರಿ, ಹೊಟ್ಟಿನೂ ತುಂಬತೈತಿ.”

ಹಟಕ್ಕೆ ಬಿದ್ದು ಬಡಿಯಲು ನಿಂತ. ನಾಲ್ಕು ಪೆಟ್ಟು ಸರಿಯಾಗಿ ಬಿದ್ದವು, ಐದನೆಯದಕ್ಕೆ ಕೈ ಚಳಕ ತೋರಿಸಿತು, ರೊಟ್ಟಿ ಹರಿಯಿತು.

“ನಿಮ್ಮ ಲಕ್ಷ್ಯ ನಿಮ್ಮ ಕೈ ಮ್ಯಾಲೇ ಐತ್ರೀ,” ಎಂದಳು ಗೋದಾವರಿ. “ರೊಟ್ಟಿ ಮ್ಯಾಲ ಇಡ್ರಿ.”

ಇರಣ್ಣ ಹಿಟ್ಟಿನ ಕೈಯಲ್ಲಿ ಹಾಗೇ ನಿಂತುಬಿಟ್ಟ. ಅಂಕಲ್ ಹೇಳಿದ್ದೂ ಇದನ್ನೇ ಅಲ್ಲವೇ?

ಮುಂದಿನ ಮೂರು ವಾರ ಮನೆಯವರು ಹರಿದ ರೊಟ್ಟಿ ತಿಂದರು. ಮಗಳು ಹರ್ಷಿಣಿ ಅದಕ್ಕೆ ಟೆಕ್ಸಸ್ ಮ್ಯಾಪ್ ಎಂದು ಹೆಸರಿಟ್ಟಳು. ದಿನ ಕಳೆದಂತೆ ಮ್ಯಾಪು ದುಂಡಗಾಗುತ್ತ ಬಂತು. ಕೊನೆಯ ಶನಿವಾರ ಅಂಕಲ್ ಇರಣ್ಣನ ಡೋಲು ಪೂರ್ತಿ ಕೇಳಿ, ಆಗಲಿ ಎನ್ನುವಂತೆ ತಲೆಯಾಡಿಸಿದರು.

ಏಪ್ರಿಲ್‌ನಲ್ಲಿ ಆಸ್ಟಿನ್‌ನ ಪಾರ್ಕಿನಲ್ಲಿ ಡೋಲು ಶುರುವಾದವು. ಹಾಡುವಾಕೆ ಕಣ್ಣು ಮುಚ್ಚಿ ಪ್ರಾರ್ಥನೆ ಎತ್ತಿದಳು. ಬಿಡುವು ಬಂತು. ಇರಣ್ಣ ಅದನ್ನು ಬಿಡುವಾಗಿಯೇ ಬಿಟ್ಟ. ಆಕೆಯ ದನಿ ಅಲ್ಲಿ ಕಾಲೂರಿ ಮೇಲೇರಿತು. ಆಮೇಲೆ ಬಾರಿಸುತ್ತಿರುವುದು ತಾನು ಎನ್ನುವುದೇ ಅವನಿಗೆ ಮರೆತುಹೋಯಿತು.

ವೇದಿಕೆ ಇಳಿದು ಬಂದಾಗ, ಅಮ್ಮನ ಜೊತೆ ಕೇಳಲು ಬಂದಿದ್ದ ಹರ್ಷಿಣಿ, “ಸಾರಿ ಅಪ್ಪಾ, ಐ ಫರ್ಗಾಟ್ ಯು ವರ್ ಪ್ಲೇಯಿಂಗ್,” ಎಂದಳು. ತಿಂಗಳ ಹಿಂದಾಗಿದ್ದರೆ ಇರಣ್ಣ ಎರಡು ದಿನ ಮಾತು ಬಿಡುತ್ತಿದ್ದ. ಈಗ ನಗುತ್ತ ಗೋದಾವರಿ ಕಡೆ ತಿರುಗಿದ.

“ರೊಟ್ಟಿ ಹರೀತೇನ?”

“ಇಲ್ರೀ. ದುಂಡಗ ಬಂತು.”